ತಿಗರಿ (ಕುಂಬಾರರ ಚಕ್ರ) ಇಲ್ಲದೆ ಕೈಯಲ್ಲೇ ಮಡಕೆ ಮಾಡುವವರು ಯಾರಾದರೂ ಇದ್ದೀರಾ? ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವರು ಹೇಳಿ

ಶಿಡ್ಲಘಟ್ಟ ಹಿಪ್ಪುನೇರಳೆ:
ನಮಸ್ಕಾರ ಎಲ್ಲರಿಗೂ. ನಮ್ಮದು ಶಿಡ್ಲಘಟ್ಟದ ಪಕ್ಕದ ಹಳ್ಳಿ, ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಬಿಡುವಿದ್ದಾಗ ಕೈಯಲ್ಲೇ ಮಣ್ಣಿನ ಪಾತ್ರೆ ಮಾಡುವುದು ಕಲಿಯುತ್ತಿದ್ದೇನೆ. ತಿಗರಿ ಇಲ್ಲ. ಕರೆಂಟಿನ ತಿಗರಿ ಕೊಳ್ಳಲು ದುಡ್ಡೂ ಇಲ್ಲ, ಇಡಲು ಜಾಗವೂ ಇಲ್ಲ. ಮೊಸರು ಹೆಪ್ಪು ಹಾಕಲು ಒಂದು ಕುಡಿಕೆ, ಬಸ್ಸಾರು ಕುದಿಸಲು ಒಂದು ಗಡಿಗೆ, ಇಷ್ಟೇ ಆಸೆ.

ಕೆರೆ ಮಣ್ಣನ್ನು ನೆನೆಸಿ, ಸೋಸಿ, ಉದ್ದುದ್ದ ಎಳೆ ಹೊಸೆದು ಒಂದರ ಮೇಲೊಂದು ಸುತ್ತಿ ಗೋಡೆ ಎಬ್ಬಿಸುತ್ತೇನೆ. ಹಸಿಯಿದ್ದಾಗ ನೋಡಲು ಚೆನ್ನಾಗಿಯೇ ಇರುತ್ತದೆ. ಒಣಗುವಾಗ ಎಳೆಗಳ ನಡುವೆ ಬಾಯಿ ಬಿಡುತ್ತದೆ. ತಳದಲ್ಲೂ ಅಡ್ಡಡ್ಡ ಬಿರುಕು. ಇದು ಮಣ್ಣಿನ ದೋಷವಾ, ಕೈ ದೋಷವಾ? ಕೊನೆಗೆ ಸುಡುವುದು ಹೇಗೆ ಅನ್ನುವುದೂ ಗೊತ್ತಿಲ್ಲ. ಆವಿಗೆ (ಮಡಕೆ ಸುಡುವ ಗೂಡು) ಇಲ್ಲದೆ ಆಗುತ್ತದಾ?

ಮಾಲೂರು ಹೆಂಚು:
ಎಳೆಗಳ ನಡುವೆ ಬಿಟ್ಟರೆ ಮುಕ್ಕಾಲು ಪಾಲು ಕೈಯದೇ ಅಕ್ಕ. ಹೊರಗಿನಿಂದ ಸವರಿ ನುಣುಪು ಮಾಡಿದ ಮಾತ್ರಕ್ಕೆ ಎರಡು ಎಳೆ ಒಂದಾಗುವುದಿಲ್ಲ. ಒಳಗಡೆ ಮೇಲಿನ ಎಳೆಯ ಮಣ್ಣನ್ನು ಹೆಬ್ಬೆರಳಿನಿಂದ ಕೆಳಗಿನದಕ್ಕೆ ಎಳೆದು ತಿಕ್ಕಬೇಕು. ಹೊರಗಡೆ ಕೆಳಗಿನದನ್ನು ಮೇಲಕ್ಕೆ. ಗೆರೆ ಪೂರ್ತಿ ಮಾಯ ಆಗಬೇಕು. ನಿನ್ನೆ ಬಿಟ್ಟ ಅಂಚಿನ ಮೇಲೆ ಇವತ್ತು ಹಸಿ ಎಳೆ ಕೂರಿಸುವುದಾದರೆ ಅಂಚನ್ನು ಚಮಚದ ಮೂತಿಯಲ್ಲೋ ಮೊಳೆಯಲ್ಲೋ ಗೀರಿ, ಅದೇ ಮಣ್ಣನ್ನು ನೀರಲ್ಲಿ ಕದಡಿ ಹಚ್ಚಿ, ಆಮೇಲೆ ಕೂರಿಸಿ. ಬರೀ ನೀರು ಹಚ್ಚಿದರೆ ಜಾರುತ್ತದೆ ಅಷ್ಟೆ.

ತಳದ ಬಿರುಕು ಬೇರೆ ಕಥೆ. ತಳ ಹಲಗೆಗೆ ಅಂಟಿಕೊಂಡಿರುತ್ತದೆ. ಒಣಗುವಾಗ ಮಣ್ಣು ಕುಗ್ಗಬೇಕು, ಹಲಗೆ ಬಿಡುವುದಿಲ್ಲ, ಹರಿಯುತ್ತದೆ. ಅಡಿಗೆ ಬೂದಿ ಉದುರಿಸಿ, ಇಲ್ಲವೇ ಹಳೆ ಪೇಪರ್ ಹಾಕಿ. ತಳವನ್ನು ಗೋಡೆಗಿಂತ ದಪ್ಪ ಮಾಡಬೇಡಿ. ಅಂಚು ಬೇಗ ಒಣಗುತ್ತದೆ, ಅದಕ್ಕೆ ಒದ್ದೆ ಬಟ್ಟೆ ಸುತ್ತಿ.

ಕುಂಬಾರ ಬೀದಿ, ಕುಣಿಗಲ್:
ಹೇಳಿದ್ದೆಲ್ಲ ಸರಿ. ಆದರೆ ದೊಡ್ಡ ವಿಷಯ ಒಂದು ಬಿಟ್ಟುಹೋಗಿದೆ. ನಮ್ಮದು ಕುಂಬಾರರ ಮನೆ, ಅಪ್ಪ ಈಗಲೂ ಮಾಡುತ್ತಾರೆ. ತಿಗರಿ ಮೇಲೆ ಮಡಕೆ ಪೂರ್ತಿ ತಯಾರಾಗಿ ಇಳಿಯುತ್ತದೆ ಅಂತ ಪೇಟೆಯವರು ಅಂದುಕೊಂಡಿದ್ದಾರೆ. ಹಣತೆ, ಕುಡಿಕೆ ಹಾಗೆ ಇಳಿಯುತ್ತವೆ. ಅಡುಗೆ ಮಡಕೆ, ನೀರಿನ ಹರವಿ ಇಳಿಯುವುದಿಲ್ಲ. ತಿಗರಿಯಿಂದ ಬರುವಾಗ ಅದಕ್ಕೆ ಬಾಯಿ ಇರುತ್ತದೆ, ಕತ್ತು ಇರುತ್ತದೆ. ಗೋಡೆ ದಪ್ಪ. ತಳ ತೆರೆದೇ ಇರುತ್ತದೆ. ನೆರಳಲ್ಲಿ ಸ್ವಲ್ಪ ಬಿಗಿಯಾದ ಮೇಲೆ ಒಳಗೆ ಕಲ್ಲು ಹಿಡಿದು, ಹೊರಗಿನಿಂದ ಹಲಗೆಯಲ್ಲಿ ಬಡಿದು ಬಡಿದು ತಳ ಮುಚ್ಚುತ್ತಾರೆ, ಹೊಟ್ಟೆ ಬರಿಸುತ್ತಾರೆ. ಆ ದುಂಡನೆ ಹೊಟ್ಟೆ ಬಡಿತದ್ದು, ತಿಗರಿಯದಲ್ಲ.

ಅಂದರೆ ತಿಗರಿ ಇಲ್ಲದವರಿಗೆ ಕಡಿಮೆ ಬೀಳುವುದು ಕತ್ತು, ಬಾಯಿಯ ಒಪ್ಪ ಮಾತ್ರ. ಎಳೆ ಸುತ್ತಿ ದಪ್ಪ ಗೋಡೆ ಎಬ್ಬಿಸಿ, ಆಮೇಲೆ ಬಡಿಯಿರಿ. ಎಳೆಗಳ ನಡುವೆ ಉಳಿದ ಸಂದು, ಗಾಳಿ ಎಲ್ಲ ಬಡಿತಕ್ಕೆ ಹೋಗುತ್ತದೆ. ಕಿರುಬೆರಳು ದಪ್ಪದ ಗೋಡೆ ಅದರ ಅರ್ಧಕ್ಕೆ ಇಳಿಯುತ್ತದೆ. ತೆಳುವಾಗಿ, ಒಂದೇ ಸಮನಾಗಿದ್ದರೆ ಒಲೆಯ ಮೇಲೆ ಬಾಳಿಕೆ ಜಾಸ್ತಿ.

ಎಡಗೈಯ ಕಲ್ಲು ಒಳಗೆ ಎಲ್ಲಿದೆಯೋ ಹೊರಗೆ ಹಲಗೆ ಅಲ್ಲೇ ಬೀಳಬೇಕು. ಕಲ್ಲಿಲ್ಲದ ಕಡೆ ಬಿದ್ದರೆ ತಗ್ಗು. ಕಣ್ಣಿಗಿಂತ ಕಿವಿಯನ್ನು ನಂಬಿ. ಮಣ್ಣು ತೀರಾ ಹಸಿಯಿದ್ದರೆ ಪಚಪಚ ಅಂತ ಹಲಗೆಗೆ ಹತ್ತಿಕೊಂಡು ಬರುತ್ತದೆ. ಒಣಗಿ ಹೋಗಿದ್ದರೆ ಟಕ್ ಅನ್ನುತ್ತದೆ, ಕೂದಲೆಳೆಯಷ್ಟು ಸೀಳು ಕಾಣುತ್ತದೆ. ಎರಡರ ನಡುವೆ ಒಂದು ದಪ್ ದಪ್ ಸದ್ದಿದೆ. ಅದು ಕೇಳಿಸುವಾಗ ಕೆಲಸ ಮಾಡಿ. ಒಂದೇ ಸಲಕ್ಕೆ ಮುಗಿಸಲು ಹೋಗಬೇಡಿ. ಒಂದು ಸುತ್ತು ಬಡಿದು ಬಿಡಿ, ಸ್ವಲ್ಪ ಬಿಗಿಯಾಗಲಿ, ಮತ್ತೊಂದು ಸುತ್ತು. ನಮ್ಮಪ್ಪ ಇದನ್ನು ಹದ ಕಾಯುವುದು ಅನ್ನುತ್ತಾರೆ. ಬಿಸಿಲು ಕಾಲದಲ್ಲಿ ಎರಡು ಸುತ್ತಿನ ನಡುವೆ ಕಾಫಿ ಕುಡಿದು ಬರುವಷ್ಟು ಹೊತ್ತು. ಮಳೆಗಾಲದಲ್ಲಿ ಅರ್ಧ ದಿನ.

ಶಿಡ್ಲಘಟ್ಟ ಹಿಪ್ಪುನೇರಳೆ:
ಅಣ್ಣಾ, ಇದು ಯಾವ ವಿಡಿಯೋದಲ್ಲೂ ಸಿಗಲಿಲ್ಲ. ಎಂಥ ಕಲ್ಲು, ಎಂಥ ಹಲಗೆ?

ಕುಂಬಾರ ಬೀದಿ, ಕುಣಿಗಲ್:
ಮುಷ್ಟಿಯಲ್ಲಿ ಕೂರುವ ನುಣುಪು ಗುಂಡುಕಲ್ಲು, ಹಳ್ಳದ್ದಾದರೆ ಒಳ್ಳೆಯದು. ಒಂದು ಮುಖ ಉಬ್ಬಿರಲಿ. ಹಲಗೆ ಯಾವ ಗಟ್ಟಿ ಮರದ್ದಾದರೂ ಸರಿ, ಅಂಗೈ ಅಗಲ, ಹಿಡಿಯಲು ಹಿಡಿ. ಮುರಿದ ಕ್ರಿಕೆಟ್ ಬ್ಯಾಟನ್ನು ಕೆತ್ತಿ ಬಳಸುವವರನ್ನೂ ನೋಡಿದ್ದೇನೆ. ಎರಡಕ್ಕೂ ಆಗಾಗ ಸೋಸಿದ ಬೂದಿ ಮುಟ್ಟಿಸುತ್ತಿರಿ, ಅಂಟುವುದಿಲ್ಲ.

ಮಾಲೂರು ಹೆಂಚು:
ಬಡಿಯಲು ಕೈ ಕೂರುವ ತನಕ ಸುಲಭದ ದಾರಿ ಒಂದಿದೆ. ಹಳೆ ಮಡಕೆಯನ್ನು ಬೋರಲು ಹಾಕಿ, ಮೇಲೆ ಬೂದಿ ಉದುರಿಸಿ, ಲಟ್ಟಿಸಿದ ಮಣ್ಣಿನ ಹಾಳೆಯನ್ನು ಹೊದಿಸಿ ತಟ್ಟಿ. ಅರ್ಧ ಮಡಕೆ ಸಿಕ್ಕಿತು. ಬಿಗಿಯಾದ ತಕ್ಷಣ ಎತ್ತಿಬಿಡಿ. ತಡವಾದರೆ ಕುಗ್ಗಿ, ಅಚ್ಚನ್ನೇ ಅಪ್ಪಿಕೊಂಡು ಸೀಳುತ್ತದೆ. ಎತ್ತಿದ್ದನ್ನು ಬಟ್ಟೆ ಸುತ್ತಿದ ಸಿಂಬೆ ಮೇಲೆ ಕೂರಿಸಿ, ಅಂಚಿನಿಂದ ಎಳೆ ಸುತ್ತಿ ಮೇಲಕ್ಕೆ ಹೋಗಿ. ದುಂಡು ತಳ ಬರುತ್ತದೆ. ಚಪ್ಪಟೆ ತಳದ ಮೂಲೆ ಒಲೆಯಲ್ಲಿ ಮೊದಲು ಬಿಡುವುದು ಅಲ್ವಾ, ಅದು ತಪ್ಪುತ್ತದೆ.

ಗೌರಿಬಿದನೂರಿನಿಂದ ಬೆಂಗಳೂರಿಗೆ:
ನಾನು ಬಾಡಿಗೆ ಫ್ಲಾಟಿನಲ್ಲಿದ್ದೇನೆ. ಆನ್‌ಲೈನಿನಲ್ಲಿ ಗಾಳಿಗೇ ಗಟ್ಟಿಯಾಗುವ ಮಣ್ಣು ಸಿಗುತ್ತದೆ. ಅದರಲ್ಲಿ ನೀರು ಕುಡಿಯುವ ಲೋಟ ಮಾಡಬಹುದಾ? ಅಡುಗೆ ಮನೆಯ ಓವನ್‌ನಲ್ಲಿ ಬೇಯಿಸಿದರೆ?

ಮಾಲೂರು ಹೆಂಚು:
ಎರಡೂ ಆಗುವುದಿಲ್ಲ. ಆ ಮಣ್ಣು ಗೊಂಬೆಗೆ, ಗೋಡೆ ಅಲಂಕಾರಕ್ಕೆ. ನೀರು ಹಾಕಿದರೆ ಮೆತ್ತಗಾಗುತ್ತದೆ. ಓವನ್ ಹೆಚ್ಚೆಂದರೆ 250 ಡಿಗ್ರಿ. ಮಣ್ಣಿನ ಕಣದೊಳಗೆ ಸೇರಿಕೊಂಡ ನೀರು ಹೋಗುವುದೇ ಸುಮಾರು 450ರಿಂದ 600 ಡಿಗ್ರಿಯಲ್ಲಿ. ಅದು ಹೋದ ಮೇಲೆ ಮಾತ್ರ ಮಣ್ಣು ಮತ್ತೆ ನೀರಲ್ಲಿ ಕರಗುವುದಿಲ್ಲ. ನೀವು ಅಲ್ಲಿ ಮಾಡಿ ಒಣಗಿಸಿ, ಊರಿಗೆ ಬಂದಾಗ ಸುಡಿ. ಮಣ್ಣು ಬೇಕಿದ್ದರೆ ಕಂಟೋನ್ಮೆಂಟ್ ಕಡೆಯ ಪಾಟರಿ ಟೌನ್‌ನಲ್ಲಿ ಕುಂಬಾರರನ್ನು ಕೇಳಿ.

ಅಂತರಗಂಗೆ ತಪ್ಪಲು:
ಮಣ್ಣಿನ ಬಗ್ಗೆ ಯಾರೂ ಕೇಳಲಿಲ್ಲವಲ್ಲ! ಕೋಲಾರದಲ್ಲಿ ಈಗ ಅದೇ ಕಷ್ಟ. ಮುಂಚೆ ಕೆರೆ ಒಣಗಿ ಬಾಯಿ ಬಿಟ್ಟಿರುತ್ತಿತ್ತು, ಬೇಕಾದಲ್ಲಿ ಅಗೆಯುತ್ತಿದ್ದರು. 2018ರಿಂದ ಕೆ.ಸಿ. ವ್ಯಾಲಿ ನೀರು ಬರುತ್ತಿದೆ. ಕೆರೆ ತುಂಬಿದ್ದು ಸಂತೋಷವೇ, ಬೋರ್‌ವೆಲ್‌ನಲ್ಲಿ ನೀರು ಬಂತು. ಆದರೆ ಮಡಕೆ ಮಣ್ಣು ನೀರಿನಡಿ ಸೇರಿತು. ಮತ್ತೊಂದು ಮಾತು. ಅದು ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಬಿಡುವುದು. ಅಂಥ ಕೆರೆಯ ಮೇಲ್ಪದರದ ಹೂಳನ್ನು ಊಟದ ಪಾತ್ರೆಗೆ ನಾನು ಬಳಸುವುದಿಲ್ಲ. ಹೂಕುಂಡಕ್ಕೆ ಸರಿ.

ಶಿಡ್ಲಘಟ್ಟ ಹಿಪ್ಪುನೇರಳೆ:
ನಾನು ತಂದಿರುವುದು ಮಳೆ ನೀರಿನದೇ ಸಣ್ಣ ಕುಂಟೆಯದು. ಕಪ್ಪಗಿದೆ, ಕೈಗೆ ಹತ್ತುತ್ತದೆ.

ಅಂತರಗಂಗೆ ತಪ್ಪಲು:
ಹಾಗಾದರೆ ಎರಡು ಪರೀಕ್ಷೆ ಮಾಡಿ. ಪೆನ್ಸಿಲ್ ದಪ್ಪದ ಎಳೆ ಹೊಸೆದು ಬೆರಳಿಗೆ ಸುತ್ತಿ. ಸೀಳದೆ ಸುತ್ತಿಕೊಂಡರೆ ಜಿಗುಟು ಸಾಕು. ಆಮೇಲೆ ಮಣ್ಣಿನ ಪಟ್ಟಿ ಮಾಡಿ, ಹಸಿಯಿದ್ದಾಗಲೇ ಅದರ ಮೇಲೆ 10 ಸೆಂಟಿಮೀಟರ್ ಗೆರೆ ಗೀಚಿ. ಪೂರ್ತಿ ಒಣಗಿದ ಮೇಲೆ ಅಳೆಯಿರಿ. ಗೆರೆ ಒಂಬತ್ತೂವರೆ ಹತ್ತಿರ ಇದ್ದರೆ ಚೆನ್ನ. ಒಂಬತ್ತಕ್ಕಿಂತ ಕೆಳಗೆ ಇಳಿದಿದ್ದರೆ ಆ ಮಣ್ಣು ಒಂದೇ ಹಾಕಿ ಮಾಡಿದ ಪಾತ್ರೆ ಸೀಳುತ್ತಲೇ ಇರುತ್ತದೆ, ನಿಮ್ಮ ಕೈ ಎಷ್ಟೇ ಚೆನ್ನಾಗಿದ್ದರೂ. ಜಾಸ್ತಿ ಕಪ್ಪು, ಜಾಸ್ತಿ ಅಂಟು ಅಂದರೆ ಸಾಮಾನ್ಯವಾಗಿ ಜಾಸ್ತಿ ಕುಗ್ಗುತ್ತದೆ. ಅಗೆಯುವ ಮುಂಚೆ ಪಂಚಾಯಿತಿಯಲ್ಲಿ ಒಂದು ಮಾತು ಕೇಳಿ, ಸುಮ್ನೆ ಜಗಳ ಯಾಕೆ.

ರಾಬರ್ಟ್‌ಸನ್‌ಪೇಟೆ:
ಮಣ್ಣಿಗೆ ಮರಳು ಬೆರೆಸಬೇಕು ಅಂತ ಕೇಳಿದ್ದೇನೆ. ನಮ್ಮ ಕೆ.ಜಿ.ಎಫ್.ನಲ್ಲಿ ಸೈನೈಡ್ ದಿಬ್ಬದ ಪುಡಿ ಬೇಕಾದಷ್ಟಿದೆ. ನುಣ್ಣಗೆ, ಜರಡಿ ಹಿಡಿಯುವ ಕೆಲಸವೂ ಇಲ್ಲ. ಬಳಸಬಹುದಾ?

ಅಂತರಗಂಗೆ ತಪ್ಪಲು:
ಬೇಡ. ಬೇಡವೇ ಬೇಡ. ಅದು ಮರಳಲ್ಲ. ಅದಿರನ್ನು ಅರೆದು, ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಗಸಿ. ಗಣಿ 2001ರಲ್ಲಿ ಮುಚ್ಚಿತು, ದಿಬ್ಬ ಹಾಗೇ ಇದೆ. ಗಾಳಿಗೆ ಹಾರಿ ಬರುವ ದೂಳೇ ಸಾಕಾಗಿದೆ, ಅದನ್ನು ಅಡುಗೆ ಪಾತ್ರೆಗೆ ಕಲಸುವುದು ಎಲ್ಲಿಯ ಮಾತು ಸ್ವಾಮಿ.

ಮಾಲೂರು ಹೆಂಚು:
ಅಡುಗೆ ಪಾತ್ರೆಗೆ ಮರಳೂ ಅಷ್ಟು ಒಳ್ಳೆಯದಲ್ಲ ಅನ್ನುವುದು ನನ್ನ ವಾದ. ನಮ್ಮ ಕಡೆ ಮರಳು ಅಂದರೆ ಬೆಣಚುಕಲ್ಲಿನ ಕಾಳು. ಬೆಣಚುಕಲ್ಲು 573 ಡಿಗ್ರಿಯಲ್ಲಿ ಥಟ್ಟನೆ ಹಿಗ್ಗುತ್ತದೆ, ಆರುವಾಗ ಅದೇ ಡಿಗ್ರಿಯಲ್ಲಿ ಥಟ್ಟನೆ ಕುಗ್ಗುತ್ತದೆ. ಸುತ್ತಲಿನ ಮಣ್ಣು ಅಷ್ಟು ಹಿಗ್ಗುವುದಿಲ್ಲ. ಕಾಳಿನ ಸುತ್ತ ಸಣ್ಣ ಸೀಳು ಏಳುತ್ತದೆ. ಅದರ ಬದಲು ಸುಟ್ಟ ಮಣ್ಣನ್ನೇ ಕುಟ್ಟಿ ಹಾಕಿ. ಒಡೆದ ಮಡಕೆ, ಒಡೆದ ಹೆಂಚು ಯಾವುದಾದರೂ ಸರಿ. ಮಾಲೂರಿನಲ್ಲಿ ಹೆಂಚಿನ ಚೂರಿಗೇನು ಬರ? ಬಣ್ಣ ಬಳಿದದ್ದು, ಸಿಮೆಂಟ್ ಹತ್ತಿದ್ದು ಬೇಡ. ಒರಳಲ್ಲಿ ಕುಟ್ಟಿ ರವೆ ಜರಡಿಯಲ್ಲಿ ಜಾಲಿಸಿ. ಕುಟ್ಟುವಾಗ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿ. ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ಪುಡಿ. ಕುಗ್ಗುವುದೂ ಕಡಿಮೆ, ಒಳಗಿನ ತೇವ ಹೊರಬರಲು ದಾರಿಯೂ ಆಗುತ್ತದೆ.

ಕುಂಬಾರ ಬೀದಿ, ಕುಣಿಗಲ್:
ಪುಸ್ತಕದಲ್ಲಿ ಹಾಗಿರಬಹುದು. ನಮ್ಮ ತಾತನ ಕಾಲದಿಂದ ಮರಳು, ಬೂದಿ ಹಾಕಿಯೇ ಮಡಕೆ ಮಾಡಿದ್ದಾರೆ, ವರ್ಷಗಟ್ಟಲೆ ಸೌದೆ ಒಲೆ ಮೇಲೆ ಬಾಳಿವೆ. ಒಲೆಯಲ್ಲಿ ಮಡಕೆ 573 ಡಿಗ್ರಿ ಎಲ್ಲಿ ಮುಟ್ಟುತ್ತದೆ? ಒಳಗೆ ಸಾರು ಕುದಿಯುತ್ತಿರುತ್ತದೆ.

ಮಾಲೂರು ಹೆಂಚು:
ಒಲೆಯಲ್ಲಿ ಮುಟ್ಟುವುದಿಲ್ಲ ಅಣ್ಣ, ಒಪ್ಪಿದೆ. ಸುಡುವಾಗ ಎರಡು ಸಲ ಆ ಗಡಿ ದಾಟುತ್ತದೆ, ಏರುವಾಗ ಒಮ್ಮೆ, ಆರುವಾಗ ಒಮ್ಮೆ. ನಿಮ್ಮಪ್ಪನಿಗೆ ಆವಿಗೆ ಆರಿಸುವುದು ಗೊತ್ತು, ಮರಳು ಎಷ್ಟು ಸಣ್ಣದಿರಬೇಕು ಅಂತಲೂ ಗೊತ್ತು. ಕಲಿಯುವವರು ಬಿಸಿಯಿರುವಾಗಲೇ ಕೆದಕಿ ನೋಡುತ್ತಾರೆ. ಅವರಿಗೆ ಹೆಂಚಿನ ಪುಡಿಯೇ ಕ್ಷೇಮ.

ಕುಂಬಾರ ಬೀದಿ, ಕುಣಿಗಲ್:
ಅದು ಸರಿ. ಕೆದಕುವವರಿಗೆ ಯಾವ ಪುಡಿ ಹಾಕಿದರೂ ಅಷ್ಟೆ.

ಪಾವಗಡ ಮೇಷ್ಟ್ರು:
ಪಾಠಕ್ಕೆ ಸಂಬಂಧಪಟ್ಟದ್ದು ಬಂದಾಗ ಸುಮ್ಮನಿರಲು ಆಗುವುದಿಲ್ಲ, ಕ್ಷಮಿಸಿ. ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿಸಿದರು. ಕಲ್ಲಿನ ಕೊಡಲಿ ಬಳಸುತ್ತಿದ್ದ ಜನರ ಪದರದಲ್ಲಿ ಸಿಕ್ಕಿದ್ದು ಹೆಚ್ಚಾಗಿ ಕೈಯಲ್ಲೇ ಮಾಡಿದ ಒರಟು ಬೂದುಬಣ್ಣದ ಮಡಕೆ. ಅಂದರೆ ಈ ಸೀಮೆಯಲ್ಲಿ ತಿಗರಿಗಿಂತ ಮೊದಲು ಕೈ ಇತ್ತು. ಇವತ್ತಿಗೂ ಮಣಿಪುರದ ಆಂಡ್ರೊ, ಲೋಂಗ್ಪಿ ಊರುಗಳಲ್ಲಿ ತಿಗರಿ ಇಲ್ಲದೆ ಅಡುಗೆ ಪಾತ್ರೆ ಮಾಡುತ್ತಾರೆ. ಆಂಡ್ರೊದ ಹೆಂಗಸರು ಮಣ್ಣನ್ನು ಒಂದು ಕಡೆ ನಿಲ್ಲಿಸಿ ತಾವೇ ಅದರ ಸುತ್ತ ನಡೆಯುತ್ತಾರೆ. ಲೋಂಗ್ಪಿಯ ಕರಿ ಪಾತ್ರೆಗೆ ಮಣ್ಣಿನ ಜೊತೆ ಕಲ್ಲಿನ ಪುಡಿ ಬೆರೆಸುತ್ತಾರೆ. ಕರ್ನಾಟಕದಲ್ಲಿ ಕ್ರಮವಾಗಿ ಕಲಿಯಬೇಕು ಅನ್ನುವವರಿಗೆ ಖಾದಿ ಆಯೋಗದ ಕುಂಬಾರಿಕೆ ಸಂಸ್ಥೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿದೆ.

ಶಿಡ್ಲಘಟ್ಟ ಹಿಪ್ಪುನೇರಳೆ:
ಮೇಷ್ಟ್ರೇ, ಸುತ್ತ ನಡೆಯುವುದು ನನಗೆ ಉಪಯೋಗಕ್ಕೆ ಬಂತು. ಗಡಿಗೆಯನ್ನು ಹಳೆ ರಾಗಿ ಕಲ್ಲಿನ ಮೇಲೆ ಇಟ್ಟು ನಾನೇ ಸುತ್ತು ಹಾಕುತ್ತಿದ್ದೇನೆ. ಕೂತು ಒಂದೇ ಕಡೆಯಿಂದ ಒತ್ತುತ್ತಿದ್ದಾಗ ಓರೆ ಆಗುತ್ತಿತ್ತು, ಈಗ ಇಲ್ಲ. ಹೆಂಚಿನ ಪುಡಿ ಹಾಕಿದ ಮೇಲೆ ಎಳೆ ನಡುವಿನ ಬಿರುಕೂ ನಿಂತಿದೆ. ಈಗ ಸುಡುವುದು ಹೇಳಿಕೊಡಿ.

ತಿಪಟೂರು ಕರಟ:
ಇದಕ್ಕೇ ಕಾಯುತ್ತಿದ್ದೆ. ನೆಲದಲ್ಲೇ ಸುಡಬಹುದು, ಆವಿಗೆ ಕಟ್ಟಬೇಕಿಲ್ಲ. ಮೊದಲ ಮಾತು, ಪಾತ್ರೆ ಪೂರ್ತಿ ಒಣಗಿರಬೇಕು. ಒಣಗಿದೆ ಅನ್ನಿಸುವುದು ಬೇರೆ, ಒಣಗಿರುವುದು ಬೇರೆ. ತಳವನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ಅನ್ನಿಸಿದರೆ ಒಳಗೆ ಇನ್ನೂ ತೇವ ಇದೆ. ಆ ತೇವ 100 ಡಿಗ್ರಿ ದಾಟಿದ ಕೂಡಲೇ ಹಬೆಯಾಗಿ ಪಾತ್ರೆಯನ್ನೇ ಸಿಡಿಸುತ್ತದೆ. ಪಟಾಕಿ ಸದ್ದು ಬರುತ್ತದೆ, ಪಕ್ಕದ್ದನ್ನೂ ಒಡೆಯುತ್ತದೆ.

ಸುಡುವ ದಿನ ಬೆಳಗ್ಗೆಯಿಂದ ಪಾತ್ರೆಗಳನ್ನು ಬಿಸಿಲಿಗಿಡಿ. ಆಮೇಲೆ ಸಣ್ಣ ಬೆಂಕಿಯ ಸುತ್ತ ಒಂದು ಮೊಳ ದೂರದಲ್ಲಿ ಇಟ್ಟು ತಿರುಗಿಸುತ್ತಾ ಕಾಯಿಸಿ. ಕೈಯಲ್ಲಿ ಹಿಡಿಯಲು ಆಗದಷ್ಟು ಬಿಸಿಯಾದ ಮೇಲೂ ಸ್ವಲ್ಪ ಹೊತ್ತು ಬಿಡಿ. ಈ ಕೆಲಸಕ್ಕೆ ಅರ್ಧ ದಿನ ಹೋದರೂ ಹೋಗಲಿ. ನೆಲದ ತೇವ ಬಡಿಯದ ಹಾಗೆ ಒಡೆದ ಹೆಂಚು ಹಾಸಿ, ಮೇಲೆ ಬೆರಣಿ ಒಂದು ಪದರ, ಅದರ ಮೇಲೆ ಪಾತ್ರೆಗಳು ಬಾಯಿ ಕೆಳಗಾಗಿ. ಸುತ್ತ ಮತ್ತು ಮೇಲೆ ಬೆರಣಿ ಗುಮ್ಮಟದ ಹಾಗೆ. ಉರಿ ನೇರವಾಗಿ ತಾಗದಂತೆ ದೊಡ್ಡ ಮಡಕೆ ಚೂರುಗಳನ್ನು ಮಧ್ಯೆ ಇಡಿ. ಮೇಲೆ ಒಣಹುಲ್ಲು, ಹುಲ್ಲಿನ ಮೇಲೆ ತೆಳ್ಳಗೆ ಕೆಸರು ಮೆತ್ತಿ ಅಲ್ಲಲ್ಲಿ ಗಾಳಿಗೆ ತೂತು ಬಿಡಿ. ಗಾಳಿ ಯಾವ ಕಡೆಗೆ ಹೋಗುತ್ತಿದೆಯೋ ಆ ತುದಿಯಿಂದ ಹೊತ್ತಿಸಿ, ನಿಧಾನಕ್ಕೆ ಹತ್ತಲಿ. ಇಂಥ ಬೆಂಕಿಯಲ್ಲಿ 600ರಿಂದ 900 ಡಿಗ್ರಿ ವರೆಗೆ ಹೋಗುತ್ತದೆ, ಅಡುಗೆ ಮಡಕೆಗೆ ಸಾಕು. ಮಾರನೆ ದಿನ ಬೂದಿ ತಣ್ಣಗಾಗುವ ತನಕ ಮುಟ್ಟಬೇಡಿ. ಕೆದಕುವ ವಿಷಯ ಮೇಲೆ ಹೇಳಿದ್ದಾರೆ.

ನಾನು ಬೆರಣಿ ಜೊತೆ ತೆಂಗಿನ ಮಟ್ಟೆ ಹಾಕುತ್ತೇನೆ, ನಮ್ಮ ಊರಲ್ಲಿ ಅದಕ್ಕೆ ಕಾಸಿಲ್ಲ. ಕರಟ ಮಾತ್ರ ಹಾಕುವುದಿಲ್ಲ. ಹೆಸರು ಇಟ್ಟುಕೊಂಡಿದ್ದೇನೆ ಅಷ್ಟೆ! ಕರಟದ ಉರಿ ಜೋರು, ಒಂದೇ ಕಡೆ ಏರುತ್ತದೆ, ಆ ಪಕ್ಕ ಸೀಳುತ್ತದೆ.

ಶಿಡ್ಲಘಟ್ಟ ಹಿಪ್ಪುನೇರಳೆ:
ಹಿಪ್ಪುನೇರಳೆ ಕಡ್ಡಿ? ಸೊಪ್ಪು ಹುಳುಗಳಿಗೆ ಹಾಕಿದ ಮೇಲೆ ಮನೆ ತುಂಬ ಕಡ್ಡಿಯೇ.

ತಿಪಟೂರು ಕರಟ:
ಮೊದಲು ಕಾಯಿಸುವ ಸಣ್ಣ ಬೆಂಕಿಗೆ ಅದು ಬಹಳ ಚೆನ್ನ, ಬೇಕಾದಷ್ಟು ಬೇಕಾದಾಗ ಹಾಕಬಹುದು. ಒಳ ಕಾವಿಗೆ ಬೆರಣಿಯೇ ಇರಲಿ. ಕಡ್ಡಿ ಬೇಗ ಉರಿದು ಕುಸಿಯುತ್ತದೆ, ಪಾತ್ರೆ ಮೇಲೆ ತಣ್ಣನೆ ಗಾಳಿ ನುಗ್ಗುತ್ತದೆ.

ಗೌರಿಬಿದನೂರಿನಿಂದ ಬೆಂಗಳೂರಿಗೆ:
ಅಂಗಡಿಯಲ್ಲಿ ಕರಿ ಮಡಕೆ ಚೆನ್ನಾಗಿ ಹೊಳೆಯುತ್ತದೆ. ಅದು ಬೇರೆ ಮಣ್ಣಾ?

ಕುಂಬಾರ ಬೀದಿ, ಕುಣಿಗಲ್:
ಹೆಚ್ಚಾಗಿ ಅದೇ ಮಣ್ಣು. ಮಣ್ಣಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ಗಾಳಿ ಚೆನ್ನಾಗಿ ಆಡಿದರೆ ಕೆಂಪು. ಕೊನೆಯಲ್ಲಿ ಹೊಟ್ಟು, ಹಸಿ ಸೊಪ್ಪು ಸುರಿದು ತೂತುಗಳನ್ನೆಲ್ಲ ಮುಚ್ಚಿದರೆ ಹೊಗೆ ಒಳಗೇ ಸುತ್ತಿ ಕಪ್ಪು. ಹೊಳಪು ತಿಕ್ಕಿ ಬರಿಸುವುದು. ಪಾತ್ರೆ ಇನ್ನೂ ಪೂರ್ತಿ ಒಣಗದಿರುವಾಗ ನುಣುಪು ಕಲ್ಲಿನಲ್ಲೋ ಗಜ್ಜುಗದ ಕಾಯಿಯಲ್ಲೋ ತಿಕ್ಕಬೇಕು. ಬಣ್ಣ ಬಳಿದು ಕರಿ ಮಾಡಿದ್ದೂ ಸಂತೆಯಲ್ಲಿ ಸಿಗುತ್ತದೆ. ಒದ್ದೆ ಬಿಳಿ ಬಟ್ಟೆಯಲ್ಲಿ ಜೋರಾಗಿ ಒರೆಸಿ ನೋಡಿ, ಬಣ್ಣ ಬಿಟ್ಟರೆ ಅಡುಗೆಗೆ ಬೇಡ.

ಬಾಗೇಪಲ್ಲಿ ಗಡಿ:
ನಮ್ಮ ಕಡೆ ನೀರಲ್ಲಿ ಫ್ಲೋರೈಡ್ ಜಾಸ್ತಿ. ಮಡಕೆಯಲ್ಲಿ ರಾತ್ರಿ ಇಟ್ಟರೆ ಹೋಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ಹೌದಾ?

ಪಾವಗಡ ಮೇಷ್ಟ್ರು:
ನಂಬಬೇಡಿ. ನಮ್ಮ ಪಾವಗಡದಲ್ಲೂ ಇದೇ ಗೋಳು. ಮಡಕೆಯ ಸಣ್ಣ ರಂಧ್ರಗಳಿಂದ ನೀರು ಹೊರಗೆ ಜಿನುಗಿ ಆರುವುದರಿಂದ ಒಳಗಿನ ನೀರು ತಣ್ಣಗಾಗುತ್ತದೆ. ಆರುವುದು ನೀರು ಮಾತ್ರ. ಲವಣ ಉಳಿಯುತ್ತದೆ. ಬೋರ್‌ವೆಲ್ ನೀರಿನ ಮಡಕೆ ಹೊರಗೆ ಬಿಳಿ ಪುಡಿ ಕಟ್ಟುವುದು ನೋಡಿಲ್ಲವೇ? ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದ ಕಡೆ 1.5ರವರೆಗೆ ಒಪ್ಪುತ್ತಾರೆ. ಮಡಕೆಯಲ್ಲಿ ತಣ್ಣಗೆ ಮಾಡಿ ಕುಡಿಯಿರಿ, ಆದರೆ ನೀರನ್ನು ಶುದ್ಧೀಕರಣ ಘಟಕದಿಂದಲೇ ತನ್ನಿ.

ಶಿಡ್ಲಘಟ್ಟ ಹಿಪ್ಪುನೇರಳೆ:
ಸುಟ್ಟಾಯಿತು! ಗಡಿಗೆ, ಕುಡಿಕೆ ಎರಡೂ ಉಳಿದಿವೆ. ಬೆರಳಲ್ಲಿ ತಟ್ಟಿದರೆ ಠಣ್ ಅನ್ನುತ್ತದೆ. ಹೊಟ್ಟೆಯ ಒಂದು ಕಡೆ ಕಪ್ಪು ಮಚ್ಚೆ ಬಿದ್ದಿದೆ, ಬೆರಣಿ ಒರಗಿತ್ತು ಅನ್ನಿಸುತ್ತದೆ. ಗಡಿಗೆಗೆ ನೀರು ಹಾಕಿದರೆ ಹೊರಗೆಲ್ಲ ಒದ್ದೆ. ಇದರಲ್ಲಿ ಸಾರು ಹೇಗೆ ಮಾಡುವುದು? ಇನ್ನೊಂದು, ಕುಡಿಕೆಯ ಹೊರಗೆ ಇವತ್ತು ಬೇಳೆ ಗಾತ್ರದ ಚಕ್ಕೆ ತಾನಾಗಿಯೇ ಎದ್ದು ಬಿದ್ದಿದೆ. ಸುಟ್ಟಾಗ ಇರಲಿಲ್ಲ.

ಕುಂಬಾರ ಬೀದಿ, ಕುಣಿಗಲ್:
ಠಣ್ ಅಂದರೆ ಬೆಂದಿದೆ. ಮಚ್ಚೆಗೆ ತಲೆ ಕೆಡಿಸಿಕೊಳ್ಳಬೇಡಿ. ಗಡಿಗೆಯನ್ನು ಪಳಗಿಸಬೇಕು. ಒಂದು ರಾತ್ರಿ ನೀರಲ್ಲಿ ಮುಳುಗಿಸಿ. ಮಾರನೆ ದಿನ ಅಕ್ಕಿ ತೊಳೆದ ನೀರಿಗೆ ಒಂದು ಹಿಡಿ ರಾಗಿ ಹಿಟ್ಟು ಕದಡಿ ಸಣ್ಣ ಉರಿಯಲ್ಲಿ ಗಂಜಿ ಕುದಿಸಿ, ಹಾಗೇ ಆರಲು ಬಿಡಿ. ರಂಧ್ರಗಳಿಗೆ ಗಂಜಿ ಕೂತು ಜಿನುಗುವುದು ಕಡಿಮೆಯಾಗುತ್ತದೆ. ಸಾಲದಿದ್ದರೆ ಇನ್ನೊಮ್ಮೆ. ಬಿಸಿ ಗಡಿಗೆಗೆ ತಣ್ಣೀರು ಸುರಿಯಬೇಡಿ, ಖಾಲಿ ಗಡಿಗೆ ಒಲೆ ಮೇಲೆ ಇಡಬೇಡಿ, ಸೋಪು ಹಾಕಬೇಡಿ. ಗ್ಯಾಸ್ ಒಲೆಯಾದರೆ ಕೆಳಗೆ ದಪ್ಪ ಕಬ್ಬಿಣದ ಹಂಚು ಇಟ್ಟರೆ ಒಳ್ಳೆಯದು.

ಅಂತರಗಂಗೆ ತಪ್ಪಲು:
ಚಕ್ಕೆ ಎದ್ದ ಜಾಗದ ಮಧ್ಯೆ ಬಿಳಿ ಚುಕ್ಕೆ ಇದೆಯಾ ನೋಡಿ.

ಶಿಡ್ಲಘಟ್ಟ ಹಿಪ್ಪುನೇರಳೆ:
ಇದೆ. ಸಾಸಿವೆಯಷ್ಟು.

ಅಂತರಗಂಗೆ ತಪ್ಪಲು:
ಸುಣ್ಣದ ಹರಳು. ಮಣ್ಣಿನಲ್ಲಿದ್ದ ಹರಳು ಬೆಂಕಿಯಲ್ಲಿ ಸುಟ್ಟ ಸುಣ್ಣವಾಯಿತು. ಆಮೇಲೆ ಗಾಳಿಯ ತೇವ ಹೀರಿ ಉಬ್ಬಿ ಚಕ್ಕೆ ಎಬ್ಬಿಸಿತು. ಇನ್ನೂ ಕೆಲವು ಏಳಬಹುದು. ಅದೇ ಮಣ್ಣಿನ ಗಡಿಗೆಯ ಒಳಗೂ ಕಣ್ಣಿಟ್ಟಿರಿ, ಸಾರಿಗೆ ಚಕ್ಕೆ ಬಿದ್ದೀತು. ಕುಂಟೆಯ ಒಣ ಮಣ್ಣಿನ ಮೇಲೆ ಹುಳಿ ನಿಂಬೆರಸ ಹಿಂಡಿ ನೋಡಿ, ಬುರುಬುರು ನೊರೆ ಬಂದರೆ ಸುಣ್ಣ ಇದೆ. ಮುಂದಿನ ಸಲ ಮಣ್ಣನ್ನು ತೆಳ್ಳಗೆ ಕದಡಿ ಸೊಳ್ಳೆ ಪರದೆಯಂಥ ಸಣ್ಣ ಜಾಲರಿ ಬಟ್ಟೆಯಲ್ಲಿ ಸೋಸಿ. ಆದರೂ ಬಿಡದಿದ್ದರೆ ಆ ಕುಂಟೆ ಬಿಟ್ಟು ಬೇರೆ ಕಡೆ ಮಣ್ಣು ಹುಡುಕಿ.

ಮಾಲೂರು ಹೆಂಚು:
ಈ ಕಡೆ ಬಂದರೆ ಹೇಳಿ ಅಕ್ಕ, ಹೆಂಚಿನ ಪುಡಿ ಒಂದು ಚೀಲ ಕುಟ್ಟಿ ಇಟ್ಟಿದ್ದೇನೆ. ಜೊತೆಗೆ ಇಲ್ಲಿನ ಮಣ್ಣು ಸ್ವಲ್ಪ ಕೊಡುತ್ತೇನೆ, ನಿಂಬೆರಸ ಹಾಕಿ ನೋಡಿದ್ದಾಗಿದೆ.